ಕೆಂಚೇಶನ ವೈರ್‌ಲೆಸ್ ಸೆಟ್ಟು

ಕೆಂಚೇಶನ ಪಿಕಪ್ಪಿಗೆ ವೈರ್‌ಲೆಸ್ ಸೆಟ್ಟು ಕೂರಿಸಿದವನು ನಾನು. ಅದು ಕೆಟ್ಟಿದೆ ಎಂದು ಐದು ತಿಂಗಳು ಸುಳ್ಳು ಹೇಳಿದವನೂ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಚನ್ನಗಿರಿಯಲ್ಲಿ ಈಗಲೂ ಕೆಲವರು, ಪಾಪಣ್ಣನಿಗೆ ಏನೂ ಗೊತ್ತಿರಲಿಲ್ಲ, ಅವನೊಬ್ಬ ಬಡಪಾಯಿ ಮೆಕ್ಯಾನಿಕ್ಕು ಎನ್ನುತ್ತಾರೆ. ನನಗೆ ಎಲ್ಲ ಗೊತ್ತಿತ್ತು.

ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ಅಂಗಡಿ. ಮೊದಲು ರೇಡಿಯೊ, ಆಮೇಲೆ ಟಿ.ವಿ., ಆಮೇಲೆ ಮದುವೆ ಮನೆಯ ಮೈಕ್ ಸೆಟ್ಟು ರಿಪೇರಿ ಮಾಡಿದೆ. ಮೊಬೈಲು ಬಂದು ಎಲ್ಲವನ್ನೂ ನುಂಗಿದ ಮೇಲೆ ನೊಣ ಹೊಡೆಯುತ್ತ ಕೂತಿದ್ದೆ. ಅಷ್ಟರಲ್ಲಿ ಉಬ್ರಾಣಿ ಕಡೆ ಆನೆಗಳು ಇಳಿಯತೊಡಗಿದವು. ಆ ಕಾಡುದಾರಿಯಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಹಾಲು, ತರಕಾರಿ ಹೇರಿಕೊಂಡು ಸಂಜೆ ಓಡಾಡುವ ಪಿಕಪ್ಪುಗಳು ಮಾತ್ರ ಹತ್ತು. ಒಂದು ಸಲಗ ಅದರಲ್ಲಿ ಒಂದನ್ನು ಹಾಡಹಗಲೇ ಮಗುಚಿ ಹಾಕಿತು. ಆಗ ಆ ಗಾಡಿಯವರಿಗೆಲ್ಲ ಹಿರಿಯನಾದ ಹನುಮಂತಪ್ಪ ಬೆಂಗಳೂರಿನಿಂದ ಸೆಟ್ಟುಗಳನ್ನು ತರಿಸಿದ.

ಸೆಟ್ಟೆಂದರೆ ದೊಡ್ಡದೇನಲ್ಲ. ಸ್ಟೀರಿಂಗ್ ಪಕ್ಕಕ್ಕೆ ಕೂರುವ ಒಂದು ಪೆಟ್ಟಿಗೆ, ಸುರುಳಿ ವೈರಿನ ಒಂದು ಮೈಕು, ಛಾವಣಿಯ ಮೇಲೆ ಆಳುದ್ದದ ಕಡ್ಡಿ ಆಂಟೆನಾ. ಮೈಕಿನ ಗುಂಡಿ ಒತ್ತಿದರೆ ನಮ್ಮ ಮಾತು ಹೋಗುತ್ತದೆ, ಬಿಟ್ಟರೆ ಬೇರೆಯವರದು ಬರುತ್ತದೆ. ಎಲ್ಲರದೂ ಒಂದೇ ಚಾನಲ್ಲು. ಒಬ್ಬ ಆಡಿದ್ದು ಹತ್ತೂ ಗಾಡಿಯಲ್ಲಿ ಕೇಳುತ್ತದೆ. ಹತ್ತನ್ನೂ ನಾನೇ ಕೂರಿಸಿದೆ. ಅಂಗಡಿಯ ಮಾಡಿನ ಮೇಲೆ ಒಂದು ಕಂಬ ನೆಟ್ಟು ನನಗೂ ಒಂದು ಸೆಟ್ಟು ಇಟ್ಟುಕೊಂಡೆ. ಸಂಜೆಯಾದರೆ ಉಬ್ರಾಣಿ ದಾರಿಯ ಹರಟೆಯೆಲ್ಲ ನನ್ನ ಟೇಬಲ್ಲಿನ ಮೇಲೆ.

ಹನುಮಂತಪ್ಪ ಇದಕ್ಕೊಂದು ಪದ್ಧತಿಯನ್ನೂ ಮಾಡಿದ. ಹೊಸದಾಗಿ ಸೆಟ್ಟು ಹಾಕಿಸಿದವನು ಮೊದಲು ತನ್ನ ಹೆಸರು, ಊರು ಹೇಳಿ ಕರೆಯಬೇಕು. ಹನುಮಂತಪ್ಪ "ಬಾರಪ್ಪ" ಅನ್ನಬೇಕು. ಅವನು ಅಂದ ಮೇಲೆ ಉಳಿದವರು ಮಾತಾಡಿಸಬೇಕು, ಅಲ್ಲಿಯವರೆಗೆ ಯಾರೂ ತುಟಿ ಬಿಚ್ಚುವಂತಿಲ್ಲ. ಪಂಕ್ತಿಯಲ್ಲಿ ಹಿರಿಯರು ಅನ್ನ ಮುಟ್ಟುವವರೆಗೆ ಉಳಿದವರು ಎಲೆಗೆ ಕೈ ಹಾಕುವುದಿಲ್ಲವಲ್ಲ, ಹಾಗೆ. ದುರುಗಣ್ಣ ಎಂಬ ಡ್ರೈವರನಿಗೆ "ಬಾರಪ್ಪ" ಸಿಕ್ಕ ದಿನ ಅವನು ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ಹಂಚಿದ್ದ.

ಹನ್ನೊಂದನೆಯವನಾಗಿ ಬಂದವನು ಕೆಂಚೇಶ. ಜಗಳೂರು ತಾಲ್ಲೂಕಿನ ಸೊಕ್ಕೆಯವನು. ಹೆಂಡತಿ ಸುನಿತಾಗೆ ಉಬ್ರಾಣಿಯ ಆಚೆ ಒಂದು ಹಳ್ಳಿಯಲ್ಲಿ ಅಂಗನವಾಡಿ ಕೆಲಸ. ಅವಳ ಹಿಂದೆ ಇವನೂ ಬಂದು, ಸಂಜೆ ಹಾಲಿನ ಕ್ಯಾನು ಸಾಗಿಸುವ ಕೆಲಸ ಹಿಡಿದಿದ್ದ. ಅವರ ಅಪ್ಪನ ಕಾಲದಲ್ಲೇ ಬೌದ್ಧರಾದವರು. ಮುಂದಿನ ಗಾಜಿನ ಮೂಲೆಯಲ್ಲಿ ನೀಲಿ ಧರ್ಮಚಕ್ರ ಅಂಟಿಸಿದ್ದ. ಯಾರ ಪೈಕಿ ಎಂದು ಯಾರೂ ಕೇಳಬೇಕಾಗಿರಲಿಲ್ಲ, ಗಾಜೇ ಹೇಳುತ್ತಿತ್ತು. ಅದನ್ನು ನೋಡಿಯೇ ನಾನು ಅವನಿಗೆ ಕೂರಲು ಸ್ಟೂಲು ಕೊಡಲಿಲ್ಲ. ಅವನು ಟೈರಿನ ಮೇಲೆ ಕೂತ.

"ಪಾಪಣ್ಣಾರೆ, ಆ ದಾರಿಯಾಗೆ ಒಬ್ನೇ ಬರಾಕೆ ಎದೆ ಡವಡವ ಅಂತೈತೆ. ಹಿಂದೆ ಮುಂದೆ ಯಾರೋ ಅದಾರೆ ಅಂತ ಗೊತ್ತಾದ್ರೆ ಸಾಕು ನಂಗೆ," ಅಂದ.

ಕೆಲಸ ಮಾತ್ರ ನಾನು ಶುದ್ಧವಾಗಿ ಮಾಡಿದೆ. ಆಂಟೆನಾದ ಬುಡಕ್ಕೆ ಗಾಡಿಯ ಬರಿ ತಗಡು ತಾಕಬೇಕು, ಬಣ್ಣದ ಮೇಲೆ ಕೂರಿಸಿದರೆ ಅರ್ತಿಂಗ್ ಸಿಗುವುದಿಲ್ಲ. ಹೊಸ ಗಾಡಿ ಅದು. ಛಾವಣಿಯ ಅಂಚನ್ನು ಉಪ್ಪುಕಾಗದದಿಂದ ತಿಕ್ಕುವಾಗ ಅವನು ಮುಖ ಆಚೆ ತಿರುಗಿಸಿದ. ತಗಡು ಬೆಳ್ಳಗೆ ಹೊಳೆಯಿತು. ಕೇಬಲ್ಲಿನ ತುದಿಗೆ ಬೆಸುಗೆ ಹಾಕಿ, ಆಂಟೆನಾ ಅಳೆಯುವ ಮೀಟರು ಸಿಕ್ಕಿಸಿ ಗುಂಡಿ ಒತ್ತಿದೆ. ಮೀಟರಿನ ಮುಳ್ಳು ಕೆಂಪು ಗೆರೆಗೆ ಏರಿದರೆ ಮಾತು ಕಡ್ಡಿಯಿಂದ ಹೊರಡದೆ ವಾಪಸು ಬರುತ್ತಿದೆ ಎಂದರ್ಥ. ಇವನದು ಅಲುಗಲೇ ಇಲ್ಲ. ಹನ್ನೊಂದು ಸೆಟ್ಟುಗಳಲ್ಲಿ ಅಷ್ಟು ಚೊಕ್ಕವಾಗಿ ಕೂತಿದ್ದು ಅದೊಂದೇ, ಹನುಮಂತಪ್ಪನದೂ ಹಾಗೆ ಇರಲಿಲ್ಲ.

ಅಂದು ಸಂಜೆ ಅವನ ದನಿ ನನ್ನ ಟೇಬಲ್ಲಿನ ಮೇಲೆ ಗಂಟೆ ಬಾರಿಸಿದಂತೆ ಕೇಳಿತು. "ಹಲೋ, ನಾನು ಕೆಂಚೇಶ, ಸೊಕ್ಕೆಯೋನು. ಹಾಲಿನ ಗಾಡಿ. ಹನುಮಂತಪ್ಪಾರೆ, ಕೇಳ್ಸಾಕೆ ಹತ್ತೈತಾ?"

ಯಾರೂ ಮಾತಾಡಲಿಲ್ಲ. ಅವನು ಮತ್ತೆ ಕರೆದ. ನಾಲ್ಕನೆಯ ಸಲಕ್ಕೆ ನನ್ನ ಮೊಬೈಲು ಬಡಿದುಕೊಂಡಿತು. ಹನುಮಂತಪ್ಪ ಚನ್ನಗಿರಿಯಲ್ಲೇ ಇದ್ದ.

"ಲೇ ಪಾಪಣ್ಣ, ಅವ್ನಿಗೂ ಸೆಟ್ಟು ಹಾಕಿದೀಯೇನೋ? ಹಾಕಿದ್ದು ಹಾಕಿದೆ. ನಾನಂತೂ ಬಾರಪ್ಪ ಅನ್ನಲ್ಲ. ನಮ್ಮ ಗಾಡಿ ಒಳಗೆ ಕೂತು ಅವ್ನ ಜತೆ ಹರಟೆ ಹೊಡೀಬೇಕಾ ನಾವು? ಸೆಟ್ಟು ಕೆಟ್ಟೈತೆ, ಮಾತು ಹೋಗ್ತಿಲ್ಲ ಅಂತ ಹೇಳು. ತಾನೇ ಸುಸ್ತಾಗಿ ಕಿತ್ತಾಕ್ತಾನೆ."

"ಆಗ್ಲಿ ಹನುಮಂತಪ್ಪಾರೆ," ಅಂದೆ.

ಯಾಕೆ ಅಂದೆ? ಹನುಮಂತಪ್ಪನ ಮನೆಯಲ್ಲಿ ನನ್ನ ಜಾತಿಯವರಿಗೆ ಜಗಲಿಯವರೆಗೆ ಪ್ರವೇಶ. ಅಲ್ಲಿ ನನಗೆ ಸ್ಟೀಲ್ ಲೋಟದಲ್ಲಿ ಕಾಫಿ ಬರುತ್ತದೆ. ಕೆಂಚೇಶನಂಥವರಿಗೆ ಅಂಗಳದಲ್ಲಿ, ಕಾಗದದ ಲೋಟದಲ್ಲಿ. ಆ ಸ್ಟೀಲ್ ಲೋಟ ಕಳೆದುಕೊಳ್ಳುವಷ್ಟು ದೊಡ್ಡ ಮನುಷ್ಯ ನಾನಲ್ಲ. ನನ್ನ ಯೋಗ್ಯತೆ ಅಷ್ಟೆ.

ಮರುದಿನ ಅವನು ಬಂದ. "ಅಣ್ಣಾರೆ, ನಂಗೆ ಎಲ್ಲಾರ್ದೂ ಕೇಳ್ಸುತ್ತೆ. ನಂದೇ ಯಾರಿಗೂ ಹೋಗ್ತಿಲ್ಲ."

ನಾನು ಮೀಟರು ಹಚ್ಚಿ ತೋರಿಸಿದೆ. ಮುಳ್ಳು ಮೊದಲಿನಂತೆಯೇ ಅಲುಗದೆ ನಿಂತಿತ್ತು. "ನೋಡಪ್ಪ, ಮುಳ್ಳು ಏಳ್ತಾನೇ ಇಲ್ಲ. ಆಂಟೆನಾದಾಗೆ ಜೀವ ಇಲ್ಲ," ಅಂದೆ. ಒಳ್ಳೆಯ ಗುರುತನ್ನೇ ರೋಗ ಎಂದು ತೋರಿಸಿದೆ. ಅವನು ತಲೆಯಾಡಿಸಿದ. ಅಂಗಡಿಯೊಳಗಿನ ಸೆಟ್ಟಿನಲ್ಲಿ ಅವನ ಮಾತು ಚೆನ್ನಾಗಿ ಕೇಳುತ್ತಿದ್ದುದನ್ನು ಅವನೇ ಕೇಳಿಸಿಕೊಂಡು ಪ್ರಶ್ನೆ ಮಾಡಿದಾಗ, "ಹತ್ತಿರಕ್ಕೆ ಬರುತ್ತೆ, ದೂರಕ್ಕೆ ಎಟುಕಲ್ಲ" ಎಂದು ಅದಕ್ಕೂ ಒಂದು ತೇಪೆ ಹಾಕಿದೆ.

ಆಮೇಲೆ ಶುರುವಾಯಿತು ನೋಡಿ. ವಾರಕ್ಕೊಂದು ಕಾಯಿಲೆ ಹೇಳಿದೆ. ಕೇಬಲ್ಲು ಬದಲಿಸು ಅಂದೆ, ಬದಲಿಸಿದ. ಅದರ ತುದಿಯ ಪ್ಲಗ್ಗು ನ್ಯಾಮತಿಯಲ್ಲಿ ಮಾತ್ರ ಸಿಗುತ್ತದೆ ಅಂದೆ, ನನ್ನ ಡ್ರಾಯರಿನಲ್ಲಿ ಹತ್ತು ಬಿದ್ದಿದ್ದವು. ಅವನು ನ್ಯಾಮತಿಗೆ ಹೋಗಿ ಒಂದು ಹಗಲೆಲ್ಲ ಅಂಗಡಿ ಅಂಗಡಿ ಅಲೆದು ಬರಿಗೈಲಿ ಬಂದ. ತಗಡು ಇನ್ನೂ ಕೆರೆಯಬೇಕು ಅಂದೆ, ತಾನೇ ಉಪ್ಪುಕಾಗದ ಹಿಡಿದು ಕೆರೆದ. ಮಳೆ ಬಿದ್ದಾಗ ಅಲ್ಲಿ ತುಕ್ಕು ಹಿಡಿದು ಕಂದು ನೀರು ಗಾಜಿನ ಮೇಲೆ ಇಳಿಯತೊಡಗಿತು. ಹೊನ್ನಾಳಿ ಸೇತುವೆ ಮೇಲೆ ನಿಂತು ಕರಿ, ನೀರಿನ ಮೇಲೆ ದನಿ ಚೆನ್ನಾಗಿ ಓಡುತ್ತೆ, ನಾನು ಇಲ್ಲಿ ಕೇಳಿಸಿಕೊಳ್ತೀನಿ ಅಂದೆ. ಅಷ್ಟು ದೂರದಿಂದ ಇಲ್ಲಿಗೆ ಯಾವ ಸೆಟ್ಟೂ ಮುಟ್ಟುವುದಿಲ್ಲ. ಅವನು ಮಟಮಟ ಮಧ್ಯಾಹ್ನ ತುಂಗಭದ್ರೆಯ ಮೇಲೆ ಗಾಡಿ ನಿಲ್ಲಿಸಿಕೊಂಡು, ಹಿಂದಿನ ಬಸ್ಸಿನವರಿಂದ ಬೈಸಿಕೊಳ್ಳುತ್ತ, ಒಂದು ಗಂಟೆ ನನ್ನ ಹೆಸರು ಕೂಗಿದನಂತೆ. ಆ ಹೊತ್ತಿನಲ್ಲಿ ನಾನು ಹನುಮಂತಪ್ಪನ ಜಗಲಿಯ ಮೇಲೆ ಈ ಕತೆಯನ್ನು ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ.

ಊರಿಗೆ ಹೋಗಿ ಬಂದಾಗಲೆಲ್ಲ ಅವನು ನನಗೆ ಸೊಕ್ಕೆಯ ಶೇಂಗಾ ತರುತ್ತಿದ್ದ. ಒಳ್ಳೆಯ ಶೇಂಗಾ. ಅದನ್ನು ಬಿಡಿಸಿ ತಿನ್ನುತ್ತಲೇ ಮುಂದಿನ ಸುಳ್ಳು ಯೋಚಿಸುತ್ತಿದ್ದೆ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಮಾತು ನಿಜವಾದದ್ದು ಮೂರನೆಯ ತಿಂಗಳು. ಒಂದು ಸಂಜೆ ಕಾಡಿನ ನಡುವೆ ಅವನ ಟೈರು ಒಡೆಯಿತು. ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ಪಕ್ಕದ ಬಿದಿರಿನಲ್ಲಿ ಆನೆ ಮುರಿಯುವ ಸದ್ದು. "ಯಾರಾದ್ರೂ ಬರ್ರಪ್ಪ. ಗಾಡಿ ಇಳಿಯಾಕೆ ಆಗ್ತಿಲ್ಲ. ಇಲ್ಲೇ ಮಗ್ಗುಲಿಗೆ ಐತೆ," ಎಂದು ಪಿಸುದನಿಯಲ್ಲಿ ಹೇಳುತ್ತ ಹೋದ. ಹತ್ತು ಗಾಡಿಗಳೂ ಕೇಳಿಸಿಕೊಂಡವು. ಎರಡು ಗಾಡಿ ಹತ್ತಿರದಲ್ಲೇ ಇದ್ದವು. ನಡುವೆ ಹನುಮಂತಪ್ಪನ ದನಿ ಬಂತು, ಅವನಿಗಲ್ಲ, ಎಲ್ಲರಿಗೂ: "ಏನ್ರೋ, ಇವತ್ತು ಗಾಳಿ ಜೋರೈತೆ. ಬರೀ ಗೊರಗೊರ ಅಂತೈತೆ ಸೆಟ್ಟು." ನಾಲ್ಕೈದು ಜನ ನಕ್ಕರು. ಆ ನಗೆ ಅವನ ಗಾಡಿಯಲ್ಲೂ ಕೇಳಿಸಿರಬೇಕು. ಆನೆ ತಾನಾಗಿ ಹೋಯಿತು. ಹಾಲು ಒಡೆದು, ಅಷ್ಟನ್ನೂ ರಸ್ತೆ ಬದಿಗೆ ಚೆಲ್ಲಿ ಬಂದನಂತೆ. ನಾನು ಅಂಗಡಿಯಲ್ಲಿ ಪೂರ್ತಿ ಕೇಳಿಸಿಕೊಂಡೆ. ಮೈಕು ಕೈಯಳತೆಯಲ್ಲೇ ಇತ್ತು.

ಆ ವಾರ ಅವನು ಹಬ್ಬಕ್ಕೆಂದು ಸೊಕ್ಕೆಗೆ ಹೋದ. ಬಂದವನು ಟೈರಿನ ಮೇಲೆ ಕೂರದೆ ನಿಂತೇ ಮಾತಾಡಿದ.

"ಅಣ್ಣಾರೆ, ನಮ್ಮೂರ ಬಯಲಾಗೆ ಮಧ್ಯಾಹ್ನ ಗಾಡಿ ನಿಲ್ಸಿ ಸುಮ್ನೆ ಹಲೋ ಅಂದೆ. ಯಾವನೋ ಉತ್ತರ ಕೊಟ್ಟ. ಯಾವ ಭಾಷೆನೋ ಏನೋ. ನಾನು ಕೆಂಚೇಶ ಅಂದೆ. ಅವ್ನು ಕೆಂಚೇಸ್, ಕೆಂಚೇಸ್ ಅಂತ ಎರಡು ಸಲ ಅಂದ. ಸಮುದ್ರದ ಆಚೆಯೋನು ಇರ್ಬೇಕು."

ಅದು ನಡೆಯುವ ಮಾತೇ. ಈ ಸೆಟ್ಟಿನ ಅಲೆ ಕೆಲವು ದಿನ ಹಗಲು ಹೊತ್ತಿನಲ್ಲಿ ಆಕಾಶಕ್ಕೆ ಬಡಿದು ಸಾವಿರಾರು ಮೈಲಿ ಆಚೆ ಇಳಿಯುತ್ತದೆ. ಸತ್ತ ಸೆಟ್ಟಿನಿಂದ ಮಾತ್ರ ಅದು ಆಗದು. ಅವನು ನನ್ನ ಮುಖ ನೋಡುತ್ತಿದ್ದ. ಅವನಿಗೆ ಅನುಮಾನ ಬಂದಿದೆ, ನನ್ನ ಬಾಯಿಂದ ಒಂದು ನಿಜ ಬರಲಿ ಎಂದು ಕಾಯುತ್ತಿದ್ದಾನೆ ಎಂದು ಗೊತ್ತಾಯಿತು.

"ಅದು ಆಕಾಶದ ಆಟ. ನಿನ್ನ ದನಿ ಮೇಲಕ್ಕೆ ಹಾರುತ್ತೆ. ಸಮುದ್ರ ದಾಟುತ್ತೆ, ಉಬ್ರಾಣಿ ಗುಡ್ಡ ದಾಟಲ್ಲ," ಅಂದೆ.

"ಹೌದೇನ್ರೀ," ಅಂದ. ಶೇಂಗಾದ ಚೀಲ ಟೇಬಲ್ಲಿನ ಮೇಲಿಟ್ಟು ಹೋದ. ಆಮೇಲೆ ಅವನು ನನ್ನ ಅಂಗಡಿಗೆ ಬರಲಿಲ್ಲ.

ಸೆಟ್ಟು ಕಿತ್ತುಹಾಕುತ್ತಾನೆ ಎಂದು ನಾವೆಲ್ಲ ಕಾದೆವು. ಅವನು ಕೀಳಲಿಲ್ಲ. ಕೇಳಿಸುತ್ತಿದೆಯಾ ಎಂದು ಕೇಳುವುದನ್ನು ಮಾತ್ರ ಬಿಟ್ಟ. ದಿನಾ ಸಂಜೆ, ಆನೆ ಕಂಡರೆ ಕಂಡಲ್ಲಿ ಗಾಡಿ ನಿಲ್ಲಿಸಿ, ಎಲ್ಲಿ, ಎಷ್ಟು, ಯಾವ ಕಡೆ ಮುಖ ಎಂದು ಮೂರು ಸಲ ಹೇಳಿ ಸುಮ್ಮನಾಗುತ್ತಿದ್ದ. ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ. ನನಗೆ ಸಿಟ್ಟು ಬರುತ್ತಿತ್ತು. ಬೈದರೆ ಬೈಯಬಹುದಿತ್ತು, ಅವನು ಬೈಯುತ್ತಲೂ ಇರಲಿಲ್ಲ.

ಅವನು ಹೇಳಿದ್ದು ಒಂದು ಸಲವೂ ತಪ್ಪಲಿಲ್ಲ. ಡ್ರೈವರುಗಳು ಒಳಗೊಳಗೇ ನಿಧಾನ ಮಾಡತೊಡಗಿದರು. ದುರುಗಣ್ಣನಂತೂ ಒಂದು ದಿನ ಅವನ ಮಾತು ಕೇಳಿ ಅರ್ಧ ಗಂಟೆ ಗಾಡಿ ನಿಲ್ಲಿಸಿಕೊಂಡ. ಅದು ಹನುಮಂತಪ್ಪನಿಗೆ ತಿಳಿಯಿತು. ಜಗಲಿಯ ಮೇಲೆ ಎಲ್ಲರ ಮುಂದೆ ಅವನು ದುರುಗಣ್ಣನ ಮಾನ ಕಳೆದ.

"ಏನೋ ದುರುಗ, ದಾರಿ ಕೇಳಾಕೆ ಅವ್ನ ಹತ್ರ ಹೋಗಿದ್ಯಂತೆ? ನಾಳೆ ಅವ್ನ ಕಾಲಿಗೂ ಬೀಳ್ತೀಯೇನೋ?"

ದುರುಗಣ್ಣ ತಲೆ ತಗ್ಗಿಸಿದ. ಆನೆಗಿಂತ ಆ ಜಗಲಿಯ ನಗೆಗೆ ಹೆಚ್ಚು ಹೆದರುವ ಜನ ನಾವು.

ಅದಾಗಿ ಹತ್ತು ದಿನಕ್ಕೆ ಹನುಮಂತಪ್ಪ ನನ್ನನ್ನು ಗಾಡಿಗೆ ಹತ್ತಿಸಿಕೊಂಡ. ಇಂಜಿನ್ ಓಡುವಾಗ ಅವನ ಸೆಟ್ಟಿನಲ್ಲಿ ಕುಂಯ್ ಎಂಬ ಸದ್ದು ಬರುತ್ತಿತ್ತು. ಅದನ್ನು ಓಟದಲ್ಲೇ ಕೇಳಿ ಪತ್ತೆ ಮಾಡಬೇಕಿತ್ತು. ಐದೂವರೆಯ ಬಿಸಿಲು ಮರಗಳ ಸಂದಿಯಿಂದ ಅಡ್ಡಡ್ಡ ಬೀಳುತ್ತಿತ್ತು. ನಾನು ಬ್ಯಾಟರಿಯಿಂದ ಬರುವ ವೈರನ್ನು ಬಗ್ಗಿ ನೋಡುತ್ತಿದ್ದಾಗ ಸೆಟ್ಟಿನಲ್ಲಿ ಕೆಂಚೇಶನ ದನಿ ಬಂತು.

"ಹಳೇ ಮೋರಿ ತಿರುವು. ಎರಡು ದೊಡ್ಡವು, ಒಂದು ಮರಿ. ರಸ್ತೆ ಮೇಲೇ ನಿಂತಾವೆ. ನಾನು ಉಬ್ರಾಣಿ ಮಗ್ಗುಲಿಗೆ ಈಚೆ ನಿಂತೀನಿ. ಉಬ್ರಾಣಿ ಕಡೆಗೆ ಬರೋರು ಯಾರೂ ಮುಂದೆ ಬರ್ಬ್ಯಾಡ್ರಿ."

ಹಳೇ ಮೋರಿ ನಮಗಿಂತ ಒಂದು ಕಿಲೋಮೀಟರು ಮುಂದಿತ್ತು. ಹನುಮಂತಪ್ಪನ ಕಾಲು ಆಕ್ಸಿಲರೇಟರಿನಿಂದ ಎದ್ದಿದ್ದನ್ನು ನಾನು ಕಂಡೆ. ಗಾಡಿ ಒಂದು ಕ್ಷಣ ಹಿಡಿದಂತಾಯಿತು. ಅವನು ಓರೆಗಣ್ಣಿನಲ್ಲಿ ನನ್ನನ್ನು ನೋಡಿದ. ನಾನು ಕಂಡೆನೇ ಎಂದು ನೋಡಿದ. ಎರಡನೆಯ ಸಲ ಅದೇ ಮಾತು ಬಂತು. ಈಗ ನಿಲ್ಲಿಸಿದರೆ ಕೇಳಿಸಿದೆ ಎಂದು ಒಪ್ಪಿಕೊಂಡಂತೆ. ಕೇಳಿಸಿದೆ ಎಂದರೆ ಐದು ತಿಂಗಳೂ ಕೇಳಿಸಿದೆ ಎಂದಂತೆ. ನಾಳೆ ಜಗಲಿಯ ಮೇಲೆ ನಾನು ಇದನ್ನು ಹೇಳಿ ನಗಿಸಬಲ್ಲೆ ಎಂಬುದು ಅವನಿಗೆ ಗೊತ್ತಿತ್ತು. ನಗಿಸುವುದೇ ನನ್ನ ಕೆಲಸವಾಗಿತ್ತಲ್ಲ.

"ಕುಂಯ್ ಅನ್ನೋದು ಇನ್ನೂ ಹೋಗಿಲ್ಲ ನೋಡು," ಎಂದು ಅವನು ಕಾಲು ಒತ್ತಿದ.

ನಿಲ್ಲಿಸ್ರಿ ಎಂಬ ಒಂದು ಮಾತು ನನ್ನ ಗಂಟಲಲ್ಲೇ ಇತ್ತು. "ಅರ್ತಿಂಗ್ ನೋಡ್ಬೇಕು ಹನುಮಂತಪ್ಪಾರೆ," ಅಂದೆ. ಮೂರನೆಯ ಸಲ ಕೆಂಚೇಶ ಹೇಳುತ್ತಿದ್ದ ಹಾಗೆಯೇ ತಿರುವು ಬಂತು.

ಮರಿ ರಸ್ತೆಯ ನಡುವೆ ಇತ್ತು. ಅವನು ಬ್ರೇಕು ತುಳಿದ. ತಾಯಿ ಆನೆ ಬಲಗಡೆಯಿಂದ ಬಂದು ಹಣೆಯಿಂದ ನೂಕಿದ್ದಷ್ಟೇ ನನಗೆ ನೆನಪು. ಗಾಡಿ ಎಡಕ್ಕೆ ಉರುಳಿ ಮೋರಿಯ ಕಲ್ಲಿಗೆ ಆತುಕೊಂಡಿತು. ನಾನು ಮುಂದಿನ ಗಾಜು ಒಡೆದಿದ್ದ ಕಡೆಯಿಂದ ತೆವಳಿ ಮೋರಿಯ ಕೊಳವೆಯೊಳಗೆ ಸೇರಿಕೊಂಡೆ. ಹನುಮಂತಪ್ಪನನ್ನು ಬಿಟ್ಟು ಬಂದೆ. ಆನೆ ಬಾಗಿಲನ್ನು ಮತ್ತೊಮ್ಮೆ ತುಳಿದ ಸದ್ದು ಕೇಳಿತು, ಅವನ ಚೀತ್ಕಾರವೂ ಕೇಳಿತು. ಆಮೇಲೆ ಸೊಪ್ಪು ಸರಿಯುವ ಸದ್ದು ದೂರ ದೂರ ಹೋಯಿತು.

ಹೊರಗೆ ಬಂದು ನೋಡಿದರೆ ಅವನ ಬಲಗಾಲು ಮೊಣಕಾಲಿನ ಕೆಳಗೆ ತಗಡಿನಲ್ಲಿ ಸಿಕ್ಕಿಕೊಂಡಿತ್ತು. ಸೆಟ್ಟಿನ ದೀಪ ಇನ್ನೂ ಉರಿಯುತ್ತಿತ್ತು. ನಾನು ಮೈಕು ಎಳೆದುಕೊಂಡು, ಐದು ತಿಂಗಳಲ್ಲಿ ಮೊದಲ ಸಲ ಆ ಹೆಸರು ಕರೆದೆ.

"ಕೆಂಚೇಶ, ಬಾರಪ್ಪ."

ಗುಂಡಿ ಬಿಟ್ಟೆನೋ ಇಲ್ಲವೋ, "ಬಂದೆ ಪಾಪಣ್ಣಾರೆ," ಎಂದಿತು ಸೆಟ್ಟು. ಒಂದು ಉಸಿರಿನಷ್ಟೂ ಅವನು ಕಾಯಿಸಲಿಲ್ಲ.

ಅವನು ಜ್ಯಾಕು ಇಟ್ಟು ತಗಡು ಎತ್ತಿದ. ಹನುಮಂತಪ್ಪನನ್ನು ಮಗುವಿನಂತೆ ತೋಳಿನಲ್ಲಿ ಎತ್ತಿ ತಂದು ತನ್ನ ಗಾಡಿಯ ಸೀಟಿನಲ್ಲಿ ಮಲಗಿಸಿ, ಟವಲಿನಿಂದ ತೊಡೆ ಬಿಗಿದ. ನಾನು ಬಾಗಿಲಿಗೆ ಆತುಕೊಂಡು ಕೂತೆ. ದಾರಿಯಲ್ಲಿ ಸೆಟ್ಟಿನ ತುಂಬ ಗಲಾಟೆ. ನಾನು ಕೂಗಿದ್ದನ್ನು ಎಲ್ಲರೂ ಕೇಳಿದ್ದರು. ಏನಾಯ್ತು, ಎಲ್ಲಿ ಎಂದು ಒಬ್ಬರ ಮೇಲೊಬ್ಬರು ಕಿರುಚುತ್ತಿದ್ದರು.

ಕೆಂಚೇಶ ಒಂದು ಕೈಯಲ್ಲಿ ಮೈಕು ಹಿಡಿದ. "ಹನುಮಂತಪ್ಪಾರ್ಗೆ ಕಾಲಿಗೆ ಏಟಾಗೈತೆ. ನನ್ನ ಗಾಡಿಯಾಗೇ ಅದಾರೆ. ಪಾಪಣ್ಣಾರೂ ಅದಾರೆ. ಚನ್ನಗಿರಿ ಆಸ್ಪತ್ರೆಗೆ ಹೇಳಿಡ್ರಿ."

ಆಮೇಲೆ ದುರುಗಣ್ಣನ ದನಿ: "ಪಾಪಣ್ಣ, ಎಲ್ಲಿದೀಯಪ್ಪ? ನೀನು ಮಾತಾಡು, ಪಾಪಣ್ಣ."

ನಾನು ಆ ಗಾಡಿಯಲ್ಲಿದ್ದೇನೆ ಎಂದು ದುರುಗಣ್ಣನಿಗೆ ಹೇಳಿದವರು ಯಾರು? ಕೆಂಚೇಶ ಮೈಕನ್ನು ನನ್ನ ಕಡೆ ಚಾಚಿದ. ನಾನು ತೆಗೆದುಕೊಂಡು ಅದೇ ಮಾತನ್ನು ಹೇಳಿದೆ. "ಆಯ್ತು ಪಾಪಣ್ಣ, ಹೇಳ್ತೀವಿ," ಎಂದು ತಕ್ಷಣ ಮೂರು ಜನ ಅಂದರು. ಅದೇ ಮೈಕು, ಅದೇ ಕೇಬಲ್ಲು, ತುಕ್ಕು ಹಿಡಿದ ಅದೇ ತಗಡಿನ ಮೇಲಿನ ಕಡ್ಡಿ. ಕೆಂಚೇಶ ಗೇರು ಬದಲಿಸಿದ. ಅವನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಅವನಿಗೆ ಕೈ ಬಿಡುವಿರಲಿಲ್ಲ.

ಆಸ್ಪತ್ರೆಯಲ್ಲಿ ಕಾಲು ಉಳಿಯುವುದಿಲ್ಲ ಎಂದರು. ದಾವಣಗೆರೆಗೆ ಕಳಿಸಲು ಆಂಬುಲೆನ್ಸಿಗೆ ಹೇಳಿ, ಅದು ಬರುವವರೆಗೆ ಬಾಗಿಲ ಹತ್ತಿರದ ಮಂಚದ ಮೇಲೆ ಮಲಗಿಸಿದ್ದರು. ಹನುಮಂತಪ್ಪನಿಗೆ ಎಚ್ಚರವಿತ್ತು, ಕಣ್ಣು ಮುಚ್ಚಿಕೊಂಡಿದ್ದ. ಅಷ್ಟು ಹೊತ್ತಿಗೆ ಅವನ ಹೆಂಡತಿ ಪ್ರೇಮಮ್ಮ ಓಡಿ ಬಂದಳು. ಜಗಲಿಯ ಮಾತುಗಳಿಗೆ ಆಕೆ ಎಂದೂ ಹೊರಗೆ ಬಂದವಳಲ್ಲ, ನಾವು ಕಟ್ಟಿದ್ದ ನಾಟಕ ಆಕೆಗೆ ಗೊತ್ತಿರಲಿಲ್ಲ. ಗಂಡನಿಗೆ ಹಿರಿತನ ಇದೆ, ಎಲ್ಲರೂ ಅವನ ಮಾತು ಕೇಳುತ್ತಾರೆ ಎಂಬುದಷ್ಟೇ ಆಕೆಗೆ ಗೊತ್ತಿದ್ದದ್ದು.

"ಅಷ್ಟೊಂದು ಸೆಟ್ಟು ಹಾಕಿದೀರಲ್ರೋ, ಆನೆ ಐತೆ ಅಂತ ಒಬ್ರೂ ಹೇಳ್ಲಿಲ್ವೇನ್ರೋ ಇವ್ರಿಗೆ?" ಎಂದು ಅತ್ತಳು.

ಬಾಗಿಲಲ್ಲಿ ನಿಂತಿದ್ದ ಕೆಂಚೇಶನ ಅಂಗಿ ಪೂರ್ತಿ ಹನುಮಂತಪ್ಪನ ರಕ್ತ. "ನಾನು ಹೇಳಿದ್ದೆ ಅಕ್ಕಾರೆ. ಆನೆಯ ಆಚೆ ಕಡೆ ನಿಂತ್ಕಂಡು ಮೂರು ಸಲ ಹೇಳಿದೆ," ಅಂದ.

ಪ್ರೇಮಮ್ಮ ನನ್ನ ಕಡೆ ತಿರುಗಿದಳು. "ಪಾಪಣ್ಣ, ನೀನು ಪಕ್ದಾಗೇ ಇದ್ದೆಯಲ್ಲ. ಕೇಳಿಸ್ತಾ?"

ಕೆಂಚೇಶನೂ ನನ್ನನ್ನು ನೋಡಿದ. ಅವನು ಬೇಡಿದ್ದು ಐದು ತಿಂಗಳಿಂದ ಇದೊಂದನ್ನೇ: ಕೇಳಿಸಿತು ಎಂದು ಒಬ್ಬ ಅನ್ನಬೇಕು. ಅಂದಿದ್ದರೆ ಆಕೆಯ ಮುಂದಿನ ಪ್ರಶ್ನೆ, ಮತ್ತೆ ಯಾಕೆ ನಿಲ್ಲಿಸಲಿಲ್ಲ ಎಂಬುದು. ಅದರ ಮುಂದಿನದು, ನೀನ್ಯಾಕೆ ಹೇಳಲಿಲ್ಲ ಎಂಬುದು. ಮಂಚದ ಮೇಲೆ ಹನುಮಂತಪ್ಪ ಕಣ್ಣು ತೆರೆದು ನನ್ನನ್ನೇ ದಿಟ್ಟಿಸುತ್ತಿದ್ದ.

"ಅವ್ನ ಸೆಟ್ಟು ಸರಿ ಇಲ್ಲ ಅಮ್ಮಾರೆ. ಮೊದ್ಲಿಂದ್ಲೂ ಅದ್ರಾಗೆ ಮಾತು ಹೋಗಲ್ಲ," ಅಂದೆ.

ಹನುಮಂತಪ್ಪ ಮತ್ತೆ ಕಣ್ಣು ಮುಚ್ಚಿದ.

ಪ್ರೇಮಮ್ಮ ಕೆಂಚೇಶನ ಎದುರು ಹೋಗಿ ನಿಂತಳು. "ಸಾಯೋ ಮನುಷ್ಯನ ಮುಂದೆ ಸುಳ್ಳು ಹೇಳ್ತೀಯಲ್ಲೋ. ಆನೆ ನೋಡ್ಕೊಂಡು ಆಚೆ ನಿಂತಿದ್ದೆ. ಓಡಿ ಬಂದು ಕೈ ಅಡ್ಡ ಹಾಕಾಕೆ ಆಗ್ಲಿಲ್ಲ. ಕಾಲು ಮುರ್ದ ಮೇಲೆ ಹೊತ್ಕೊಂಡು ಬಂದೀಯ, ಒಳ್ಳೆಯೋನು ಅನ್ನಿಸ್ಕೊಳ್ಳಾಕೆ."

ಕೆಂಚೇಶ ಹೊರಗೆ ಹೋದ.

ಆಸ್ಪತ್ರೆಯ ಅಂಗಳದಲ್ಲಿ ಸುದ್ದಿ ಕೇಳಿ ಬಂದ ಪಿಕಪ್ಪುಗಳು ಸಾಲಾಗಿ ನಿಂತಿದ್ದವು, ಒಂಬತ್ತು. ಡ್ರೈವರುಗಳು ಬಾಗಿಲು ತೆರೆದಿಟ್ಟು ಬೀಡಿ ಸೇದುತ್ತಿದ್ದರು. ಸೆಟ್ಟಿನ ವೈರನ್ನು ನಾನು ನೇರ ಬ್ಯಾಟರಿಗೆ ಕೊಟ್ಟಿರುತ್ತೇನೆ, ಕೀಲಿ ತೆಗೆದರೂ ಸೆಟ್ಟು ಆರುವುದಿಲ್ಲ. ಕೆಂಚೇಶ ಆ ಸಾಲನ್ನು ದಾಟಿ, ಗೇಟಿನ ಹತ್ತಿರ ನಿಂತಿದ್ದ ತನ್ನ ಗಾಡಿ ಹತ್ತಿ ಗಾಜು ಏರಿಸಿದ. ಮೊದಲು ಒಂಬತ್ತೂ ಸೆಟ್ಟುಗಳು ಒಟ್ಟಿಗೆ ಕೀರಲಿಟ್ಟವು. ಆಮೇಲೆ ಒಂಬತ್ತೂ ಬಾಗಿಲುಗಳಿಂದ ಅವನ ದನಿ ಬಂತು.

"ಪ್ರೇಮಕ್ಕಾರೆ, ನಾನು ಕೆಂಚೇಶ. ನನ್ನ ಗಾಡಿಯಾಗೆ ಕೂತು ಮಾತಾಡ್ತಿದೀನಿ. ಒಂದೀಟು ಹೊರಗೆ ಬರ್ರಿ."

ಪ್ರೇಮಮ್ಮ ಮೆಟ್ಟಿಲ ಮೇಲೆ ಬಂದು ನಿಂತಳು. ನಾನು ಆಕೆಯ ಹಿಂದಿದ್ದೆ. ಡ್ರೈವರುಗಳು ಆಕೆಯನ್ನು ನೋಡಿದರು, ನನ್ನನ್ನು ನೋಡಿದರು. ಮೊದಲ ಗಾಡಿಯವನು ಕೈ ಒಳಗೆ ಹಾಕಿ ಸೆಟ್ಟು ಆರಿಸಿದ. ಎರಡನೆಯವನು ಆರಿಸಿದ. ಟಿಕ್, ಟಿಕ್ ಎಂದು ಸಾಲು ಆರುತ್ತ ಬಂತು. ಯಾರೂ ಆತುರಪಡಲಿಲ್ಲ, ಯಾರೂ ತಲೆ ಎತ್ತಲಿಲ್ಲ. ದುರುಗಣ್ಣನ ಗಾಡಿ ಮಾತ್ರ ಉಳಿಯಿತು. ಅವನು ರಕ್ತ ಕೊಡಲು ಒಳಗೆ ಹೋಗಿದ್ದ.

ಪ್ರೇಮಮ್ಮ ಮೆಟ್ಟಿಲಿಳಿದು ದುರುಗಣ್ಣನ ಗಾಡಿಯ ತೆರೆದ ಬಾಗಿಲ ಬಳಿ ನಿಂತಳು. ಕೆಂಚೇಶನ ದನಿ ಅಳುತ್ತಿರಲಿಲ್ಲ, ಬೇಡುತ್ತಲೂ ಇರಲಿಲ್ಲ.

"ಸಂಜೆ ನಾನು ಹಿಂಗೇ ಹೇಳಿದ್ದು ಅಕ್ಕಾರೆ. ಇದೇ ಮೈಕಿನಾಗೆ. ಎರಡು ದೊಡ್ಡವು, ಒಂದು ಮರಿ, ಯಾರೂ ಬರ್ಬ್ಯಾಡ್ರಿ ಅಂದೆ. ಎಲ್ಲಾರ್ಗೂ ಕೇಳ್ಸೈತೆ. ನಿಮ್ಮ ಯಜಮಾನ್ರಿಗೂ ಕೇಳ್ಸೈತೆ. ನಿಮ್ಗೆ ಈಗ ಕೇಳ್ಸಾಕೆ ಹತ್ತೈತಲ್ಲ, ಹಂಗೇ."

ಆಕೆ ಪೂರ್ತಿ ಕೇಳಿಸಿಕೊಂಡಳು. ಮೊದಲು ಆರಿದ ಎಂಟು ಗಾಡಿಗಳ ಕಡೆ ನೋಡಿದಳು. ಆಮೇಲೆ ಗಂಡ ಮಲಗಿದ್ದ ಬಾಗಿಲ ಕಡೆ ನೋಡಿದಳು. ಆಕೆಗೆ ಎಲ್ಲ ತಿಳಿಯಿತು ಎಂಬುದು ಮುಖದಲ್ಲೇ ಕಂಡಿತು. ಆ ಒಂದು ಕ್ಷಣ ನನಗೆ ಆಸೆಯಾಯಿತು, ನಿಜವಾಗಿ ಹೇಳುತ್ತೇನೆ, ಆಕೆ ನನ್ನ ಕೆನ್ನೆಗೆ ಬಾರಿಸಲಿ ಎಂದು.

"ಪಾಪಣ್ಣ," ಅಂದಳು. "ಇದನ್ನ ಆರಿಸೋದು ಹೆಂಗೆ?"

"ಎಡಕ್ಕೆ ತಿರುಗಿಸ್ಬೇಕು ಅಮ್ಮಾರೆ, ಟಿಕ್ ಅನ್ನೋ ತನಕ," ಅಂದೆ.

ಆಕೆ ತಿರುಗಿಸಿದಳು. ಗೇಟಿನ ಹತ್ತಿರ, ಗಾಜಿನ ಆಚೆ, ಕೆಂಚೇಶ ಇನ್ನೂ ಮಾತಾಡುತ್ತಿದ್ದ.